ಗದಗ–ಬೆಟಗೇರಿ ಪರಿಸರದ ಬಾಸೆಲ್ ಮಿಶನ್ ಸಭೆ: ಆಗಮನ ಕಾಲ ಹಾಗೂ ಕ್ರಿಸ್ತಜಯಂತಿ ಆಚರಣೆಯ ಚಾರಿತ್ರಿಕ ಹಿನ್ನೆಲೆ

ಪೀಠಿಕೆ

ಗದಗ ಪರಿಸರದ ಧಾರ್ಮಿಕ ಇತಿಹಾಸವೆಂದರೆ ತ್ರಿಕೂಟೇಶ್ವರ ಮತ್ತು ವೀರನಾರಾಯಣ ದೇವಾಲಯಗಳು, ಲಕ್ಕುಂಡಿಯ ಬಸದಿ ಗುಡಿಗಳು, ಲಕ್ಷ್ಮೇಶ್ವರದ ಶಾಸನಗಳು ಹಾಗೂ ವೀರಶೈವ ಮಠಪರಂಪರೆಯೇ ಮೊದಲು ನೆನಪಿಗೆ ಬರುತ್ತವೆ. ಇವುಗಳ ಜೊತೆಗೆ, ಹತ್ತೊಂಬತ್ತನೆಯ ಶತಮಾನದ ಐದನೆಯ ದಶಕದ ಹೊತ್ತಿಗೆ ಈ ನೆಲದಲ್ಲಿ ಬೇರುಬಿಟ್ಟ ಇನ್ನೊಂದು ಸಣ್ಣ ಪರಂಪರೆಯೂ ಇದೆ. ಬೆಟಗೇರಿಯಲ್ಲಿಯೂ ಗದಗ ತಾಲ್ಲೂಕಿನ ನಾಗಾವಿ ಆಸುಪಾಸಿನ ಮಲ್ಲಸಮುದ್ರದಲ್ಲಿಯೂ ನೆಲೆಗೊಂಡ ಬಾಸೆಲ್ ಮಿಶನ್ನಿನ ಕ್ರೈಸ್ತ ಸಭೆಗಳ ಪರಂಪರೆಯದು. ಸಂಖ್ಯೆಯಲ್ಲಿ ಈ ಸಭೆಗಳು ಎಂದೂ ದೊಡ್ಡವಾಗಿರಲಿಲ್ಲ. ಆದುದರಿಂದಲೇ ಇವುಗಳ ಆಚರಣೆಗಳು ಸಾಮಾನ್ಯ ಇತಿಹಾಸದ ಪುಟಗಳಲ್ಲಿ ಅಪರೂಪಕ್ಕೆ ಮಾತ್ರ ಕಾಣಿಸಿಕೊಂಡಿವೆ.

ಕ್ರಿಸ್ತಜಯಂತಿ ಮತ್ತು ಅದಕ್ಕೆ ಪೂರ್ವಸಿದ್ಧತೆಯಾದ ಆಗಮನ ಕಾಲವನ್ನು ‘ಹೊರಗಿನಿಂದ ಬಂದ ಹಬ್ಬ’ ಎಂದು ಒಂದೇ ಮಾತಿನಲ್ಲಿ ಬಣ್ಣಿಸಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಹಬ್ಬವು ಹೊರಗಿನಿಂದ ಬಂದುದು ನಿಜ. ಆದರೆ ಅದನ್ನು ತಂದವರು ಹೋದ ಮೇಲೆಯೂ ಅದು ಉಳಿದುದು ಹೇಗೆ, ಉಳಿಯುವ ಕ್ರಮದಲ್ಲಿ ಅದು ಏನಾಯಿತು ಎಂಬ ಪ್ರಶ್ನೆಗಳಿಗೆ ಆ ಮಾತಿನಲ್ಲಿ ಉತ್ತರವಿಲ್ಲ. ಪ್ರಸ್ತುತ ಲೇಖನವು ಈ ಪ್ರಶ್ನೆಗಳನ್ನು ಪಂಚಾಂಗ, ಭಾಷೆ, ಸಂಗೀತ ಮತ್ತು ಸಭಾವ್ಯವಸ್ಥೆ ಎಂಬ ನಾಲ್ಕು ನೆಲೆಗಳಲ್ಲಿ ಪರಿಶೀಲಿಸುತ್ತದೆ.

ಮಿಶನ್ನಿನ ಸ್ವರೂಪ ಮತ್ತು ಲೂಥರನ್ ಅಂಶ

ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಗೊಂಡಿತು. 1833ರ ಸನ್ನದು ಕಾಯಿದೆಯು ಬ್ರಿಟಿಷೇತರ ಮಿಶನರಿಗಳಿಗೂ ಭಾರತದ ಬಾಗಿಲನ್ನು ತೆರೆದ ಮರುವರ್ಷ, ಅಂದರೆ 1834ರಲ್ಲಿ, ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಕಾರ್ಯಾರಂಭ ಮಾಡಿದರು. ಅಲ್ಲಿಂದ ಘಟ್ಟವೇರಿದ ಮಿಶನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ, 1851ರಲ್ಲಿ ಗುಳೇದಗುಡ್ಡದಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಮಿಶನ್ನಿನ ದಾಖಲೆಗಳಲ್ಲಿ ಈ ಭಾಗಕ್ಕೆ ‘ದಕ್ಷಿಣ ಮರಾಠಾ’ ಪ್ರದೇಶವೆಂಬ ಹೆಸರಿದೆ. ಇದು ಆಡಳಿತದ ಹೆಸರೇ ಹೊರತು ಭಾಷೆಯ ಹೆಸರಲ್ಲ. ಸಭೆಯ ವ್ಯವಹಾರವೆಲ್ಲ ಕನ್ನಡದಲ್ಲಿಯೇ ನಡೆಯುತ್ತಿತ್ತು.

ಈ ಮಿಶನ್ನನ್ನು ಸರಳವಾಗಿ ಲೂಥರನ್ ಎಂದು ಕರೆಯಲಾಗದು. ಅದರ ಆಡಳಿತ ಕೇಂದ್ರವಿದ್ದುದು ಸುಧಾರಿತ ಪಂಥದ ಸ್ವಿಸ್ ನಗರದಲ್ಲಿ. ಅದರ ಮಿಶನರಿಗಳಲ್ಲಿ ಹೆಚ್ಚಿನವರು ಬಂದುದು ಲೂಥರನ್ ಪಂಥದ ವ್ಯುರ್ಟೆಂಬರ್ಗ್ ಸೀಮೆಯಿಂದ. ಇವೆರಡನ್ನೂ ಬೆಸೆದುದು ಭಕ್ತಿಪರವಾದ ಪಯಟಿಸ್ಟ್ ಚಳವಳಿ. ಹಬ್ಬಗಳ ವಿಷಯದಲ್ಲಿ ಈ ಮಿಶ್ರಣಕ್ಕೆ ವಿಶೇಷ ಮಹತ್ವವಿದೆ. ಸುಧಾರಿತ ಪಂಥದ ಕೆಲವು ಕೇಂದ್ರಗಳು ಹಬ್ಬದ ದಿನಗಳನ್ನು ಸಂಶಯದಿಂದ ಕಂಡವು. ಜಿನೀವಾ ನಗರವು 1550ರಲ್ಲಿ ಭಾನುವಾರವನ್ನುಳಿದು ಮಿಕ್ಕ ಹಬ್ಬದ ದಿನಗಳನ್ನೆಲ್ಲ ರದ್ದುಪಡಿಸಿತ್ತು. ಲೂಥರನ್ ಸಂಪ್ರದಾಯವು ಹಾಗಲ್ಲದೆ ಸಭಾವರ್ಷದ ಹಳೆಯ ಚಕ್ರವನ್ನು ಉಳಿಸಿಕೊಂಡಿತು. ಕ್ರಿಸ್ತಜಯಂತಿಗಾಗಿ ಸ್ವತಃ ಮಾರ್ಟಿನ್ ಲೂಥರನೇ ಮಕ್ಕಳ ಹಾಡೊಂದನ್ನು ರಚಿಸಿದ್ದನು. ಆದುದರಿಂದ ಬೆಟಗೇರಿಯ ಸಭೆಗೆ ಆಗಮನ ಕಾಲವು ದೊರೆತುದು ಮಿಶನ್ನಿನ ಲೂಥರನ್ ಬೇರಿನಿಂದ ಎನ್ನಬಹುದು.

ಎರಡು ನಿರೀಕ್ಷೆಗಳು

ಈ ಪ್ರದೇಶದಲ್ಲಿ ಮಿಶನ್ ಕಾಲಿರಿಸಿದ ಸಂದರ್ಭವೇ ಒಂದು ನಿರೀಕ್ಷೆಯ ಕಥೆಯಾಗಿದೆ. ಕಲ್ಯಾಣದ ವಿಪ್ಲವದ ನಂತರ ವೀರಶೈವ ವಲಯದಲ್ಲಿ ಬೆಳೆದುಬಂದ ಕಾಲಜ್ಞಾನ ಸಾಹಿತ್ಯವು ಚೆನ್ನಬಸವಣ್ಣನ ಹೆಸರಿನೊಂದಿಗೆ ಹೊಂದಿಕೊಂಡು, ವೀರ ವಸಂತರಾಯನ ಆಗಮನವನ್ನೂ ಕಲ್ಯಾಣದ ಪುನಃಸ್ಥಾಪನೆಯನ್ನೂ ಸಾರುತ್ತದೆ. 1839–40ರ ಸುಮಾರಿಗೆ ಹುಬ್ಬಳ್ಳಿ ಸೀಮೆಯಲ್ಲಿ ಇಂತಹ ಕಾಲಜ್ಞಾನಗಳನ್ನು ನಂಬಿದ್ದ ಒಂದು ಗುಂಪು ಮಿಶನರಿಗಳ ಸಂಪರ್ಕಕ್ಕೆ ಬಂದಿತು. ತಮ್ಮ ಗ್ರಂಥಗಳು ನುಡಿದ ಬರವಿಗೂ ಪಶ್ಚಿಮದಿಂದ ಬಂದ ಈ ಬೋಧಕರಿಗೂ ಸಂಬಂಧವಿರಬಹುದೆಂದು ಅವರು ಭಾವಿಸಿದರು. ಮಿಶನರಿಗಳಾದರೋ ಇದನ್ನು ಸಾಮೂಹಿಕ ಮತಾಂತರದ ಮುನ್ಸೂಚನೆಯೆಂದು ಬಗೆದರು. ಹರ್ಮನ್ ಮೋಗ್ಲಿಂಗನಂತಹ ವಿದ್ವಾಂಸನೂ ಈ ಆಶೆಗೆ ಹೊರತಾಗಿರಲಿಲ್ಲ. ಇಂತಹ ಜನರು ಒಂದೆಡೆ ನೆಲೆಸಿ ಬೇಸಾಯದಿಂದ ಬದುಕಲೆಂಬ ಉದ್ದೇಶದಿಂದ ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ಕೃಷಿ ವಸಾಹತೊಂದನ್ನು ಆರಂಭಿಸಲಾಯಿತು.

ಎರಡೂ ಕಡೆಯ ನಿರೀಕ್ಷೆ ಫಲಿಸಲಿಲ್ಲ. ಕಾಲಜ್ಞಾನಿಗಳು ತಂಡೋಪತಂಡವಾಗಿ ದೀಕ್ಷಾಸ್ನಾನ ಪಡೆಯಲಿಲ್ಲ. ಮಿಶನರಿಗಳಲ್ಲಿ ಅವರಿಗೆ ವಸಂತರಾಯನು ಕಾಣಿಸಲೂ ಇಲ್ಲ. ವಸಾಹತು ಎಣಿಸಿದಂತೆ ಬೆಳೆಯಲಿಲ್ಲ. ಉಳಿದುದು ಬೆರಳೆಣಿಕೆಯ ಕುಟುಂಬಗಳ ಸಣ್ಣ ಸಭೆ. ಆಗಮನ ಕಾಲದ ತಿರುಳೇ ಬರಬೇಕಾದವನಿಗಾಗಿ ಕಾಯುವುದು. ಬರವನ್ನು ಕಾಯುವ ಒಂದು ಪರಂಪರೆ ಈ ನೆಲದಲ್ಲಿ ಮೊದಲೇ ಇತ್ತು. ಜರ್ಮನ್ ಬೋಧಕರು ತಂದ ಇನ್ನೊಂದು ಪರಂಪರೆ ಅದನ್ನು ಸಂಧಿಸಿತು. ಪರಸ್ಪರ ತಪ್ಪುಗ್ರಹಿಕೆಯಿಂದ ಆರಂಭವಾದ ಸಂಬಂಧವು ದೊಡ್ಡ ಆಶೆಗಳು ಕಳಚಿದ ಮೇಲೆ ನಿತ್ಯಜೀವನದ ಆಚರಣೆಗಳಲ್ಲಿ ನೆಲೆ ಕಂಡುಕೊಂಡಿತು ಎಂಬುದು ಗಮನಾರ್ಹ.

ಎರಡು ಪಂಚಾಂಗಗಳ ನಡುವೆ

ಆಗಮನ ಕಾಲವು ಸಭಾವರ್ಷದ ಆರಂಭ. ನವೆಂಬರ್ 30ಕ್ಕೆ ಸಮೀಪದ ಭಾನುವಾರ, ಎಂದರೆ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುವ ಭಾನುವಾರದಂದು ಅದು ಮೊದಲಾಗುತ್ತದೆ. ನಾಲ್ಕು ಭಾನುವಾರಗಳನ್ನು ಒಳಗೊಂಡ ಈ ಅವಧಿಯು 22ರಿಂದ 28 ದಿನಗಳದ್ದು. ಲೂಥರನ್ ಸಂಪ್ರದಾಯದ ಹಳೆಯ ಪಾಠಕ್ರಮದಲ್ಲಿ ಮೊದಲ ವಾರ ಯೇಸುವಿನ ಯೆರೂಸಲೇಮ್ ಪ್ರವೇಶವೂ ಎರಡನೆಯ ವಾರ ಯುಗಾಂತ್ಯದ ಸೂಚನೆಗಳೂ ಮೂರನೆಯ ವಾರ ಸೆರೆಮನೆಯಲ್ಲಿದ್ದ ಸ್ನಾನಿಕ ಯೋಹಾನನ ಪ್ರಶ್ನೆಯೂ ನಾಲ್ಕನೆಯ ವಾರ ಅದೇ ಯೋಹಾನನ ಸಾಕ್ಷಿಯೂ ಪಠಣಕ್ಕೆ ನಿಗದಿಯಾಗಿವೆ. ಜನನದ ವೃತ್ತಾಂತವು ಈ ನಾಲ್ಕರಲ್ಲಿ ಎಲ್ಲಿಯೂ ಇಲ್ಲ. ಪರೀಕ್ಷೆ, ಪಶ್ಚಾತ್ತಾಪ, ಎಚ್ಚರ ಇವು ಈ ವಾರಗಳ ಭಾವ. ಸಂಭ್ರಮವು ಡಿಸೆಂಬರ್ 25ಕ್ಕೆ ಮೀಸಲು.

ಯುರೋಪಿನಲ್ಲಿ ಈ ಅವಧಿಯು ಹಗಲು ಕಿರಿದಾಗುವ, ಹಿಮ ಕವಿಯುವ, ಹೊಲದ ಕೆಲಸ ನಿಂತ ಕಾಲ. ಗದಗಿನ ಎರೆನೆಲದಲ್ಲಿ ಇದು ಕಾರ್ತಿಕ ಕಳೆದು ಮಾರ್ಗಶಿರ ನಡೆಯುವ, ಹೊಲ ತುಂಬಿದ ಕಾಲ. ಹಿಂಗಾರಿಯ ಬಿಳಿಜೋಳ, ಕಡಲೆ, ಗೋಧಿ ನಿಂತಿರುತ್ತವೆ, ಹತ್ತಿ ಒಡೆಯುತ್ತಿರುತ್ತದೆ. ಯುರೋಪಿನ ಆಗಮನ ಕಾಲವು ಕತ್ತಲೆಯಲ್ಲಿ ಬೆಳಕನ್ನು ಕಾಯುವುದಾದರೆ ಇಲ್ಲಿಯದು ನಿಂತ ಬೆಳೆಯನ್ನು ನೋಡುತ್ತ ಸುಗ್ಗಿಯನ್ನು ಕಾಯುವುದಾಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಕಾಯುವಿಕೆಗೆ ಬೇರೆಯೇ ಅರ್ಥ ಬರುತ್ತಿತ್ತು. 1876–78ರ ಭೀಕರ ಬರಗಾಲವು ಮುಂಬಯಿ ಪ್ರಾಂತದ ಈ ಭಾಗವನ್ನು ತತ್ತರಿಸುವಂತೆ ಮಾಡಿತು. ಅಂತಹ ಡಿಸೆಂಬರುಗಳಲ್ಲಿ ‘ಬರುವವನು ನೀನೋ, ಇಲ್ಲವೆ ನಾವು ಬೇರೊಬ್ಬನ ದಾರಿ ನೋಡಬೇಕೋ’ ಎಂಬ ಅರ್ಥದ ಮೂರನೆಯ ವಾರದ ಪ್ರಶ್ನೆಯು ಕೇವಲ ಗ್ರಂಥದ ಮಾತಾಗಿ ಕೇಳಿಸಿರಲಾರದು.

ಇದೇ ದಿನಗಳಲ್ಲಿ ನೆರೆಹೊರೆಯ ಒಕ್ಕಲು ಮನೆಗಳು ಎಳ್ಳಮಾವಾಸ್ಯೆಗೆ ಅಣಿಯಾಗುತ್ತವೆ. ಮಾರ್ಗಶಿರದ ಈ ಅಮಾವಾಸ್ಯೆಯು ಕೆಲವು ವರ್ಷ ಕ್ರಿಸ್ತಜಯಂತಿಯ ದಿನವೇ ಬೀಳುವುದುಂಟು. 2000ದಲ್ಲಿ ಅದು ಡಿಸೆಂಬರ್ 25ರಂದೇ ಬಂದಿತ್ತು. ಹತ್ತೊಂಬತ್ತು ವರ್ಷಗಳ ಚಾಂದ್ರಚಕ್ರ ಮುಗಿದ 2019ರಲ್ಲಿ ಅಮಾವಾಸ್ಯೆಯ ತಿಥಿ ಡಿಸೆಂಬರ್ 25–26ರಂದು ಹರಡಿತ್ತು. ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ, ಸಜ್ಜೆರೊಟ್ಟಿ, ಕಡಬು, ಪುಂಡಿಪಲ್ಯಗಳನ್ನು ಹಂಚಿ ಉಣ್ಣುವುದು ಆ ಹಬ್ಬದ ಕ್ರಮ. ಮಿಶನ್ನಿನ ಕಟ್ಟುನಿಟ್ಟಾದ ಸಭಾನಿಯಮಗಳ ದೃಷ್ಟಿಯಲ್ಲಿ ಚರಗ ಚೆಲ್ಲುವುದು ವಿಗ್ರಹಾರಾಧನೆಗೆ ಸಮಾನ. ಬಿತ್ತನೆಯ ಬದುಕನ್ನು ಬಿಡದೆ ಬಿತ್ತನೆಯ ಹಬ್ಬವನ್ನು ಬಿಡಬೇಕಾದ ಇಕ್ಕಟ್ಟು ಸಭೆಯ ಒಕ್ಕಲುತನದ ಕುಟುಂಬಗಳದ್ದು. ಹೊಸ ಹಬ್ಬದಲ್ಲಿ ಅಡುಗೆ ಮತ್ತು ಹಂಚಿಕೆಗಳು ಪಡೆದ ಪ್ರಾಮುಖ್ಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕರ್ಚಿಕಾಯಿ, ಚಕ್ಕಲಿ, ಉಂಡಿಗಳನ್ನು ಮಾಡಿ ಬೇರೆ ಧರ್ಮದ ನೆರೆಮನೆಗಳಿಗೂ ಬೀರುವ ಪದ್ಧತಿ ಉತ್ತರ ಕರ್ನಾಟಕದ ಕ್ರೈಸ್ತರಲ್ಲಿ ನೆಲೆಗೊಂಡಿದೆ. ಪೂಜೆಯನ್ನು ಬಿಟ್ಟವರು ಹಂಚಿಕೆಯನ್ನು ಬಿಡಲಿಲ್ಲ.

ವೃತ್ತಾಂತವು ಕನ್ನಡದಲ್ಲಿ ನೆಲೆಸಿದ ಬಗೆ

ಹಬ್ಬವನ್ನು ನೆಲಕ್ಕೆ ಒಗ್ಗಿಸಿದ ದೊಡ್ಡ ಶಕ್ತಿ ಭಾಷಾಂತರ. ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನ ಶ್ರಮದಿಂದ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ಬೈಬಲ್ ಕನ್ನಡಕ್ಕೆ ಬಂದಿತು. ಅದರ ಪರಿಷ್ಕರಣದಲ್ಲಿ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗಲ್ ಮೊದಲಾದವರು ದುಡಿದರು. ಕ್ರಿಸ್ತಜಯಂತಿಯ ದಿನ ಓದುವ ಲೂಕನ ವೃತ್ತಾಂತದಲ್ಲಿಯೂ ಮತ್ತಾಯನ ವೃತ್ತಾಂತದಲ್ಲಿಯೂ ಸಭೆಗಳಲ್ಲಿ ರೂಢಿಯಾದ ಕನ್ನಡ ಬೈಬಲು ಬಳಸಿದ ಐದು ಪದಗಳು ಈ ದೃಷ್ಟಿಯಿಂದ ವಿಚಾರಾರ್ಹವಾಗಿವೆ.

ಮೊದಲನೆಯದು ‘ಖಾನೇಷುಮಾರಿ’. ರೋಮಿನ ಚಕ್ರವರ್ತಿ ನಡೆಸಿದ ಜನಗಣತಿಗೆ ಬಳಸಿದ ಈ ಫಾರಸೀ ಮೂಲದ ಶಬ್ದವು ಮುಂಬಯಿ ಪ್ರಾಂತದ ಕನ್ನಡಿಗರಿಗೆ ಕಚೇರಿಯ ಮಾತಾಗಿ ಚಿರಪರಿಚಿತ. ಬ್ರಿಟಿಷ್ ಸರಕಾರದ ಗಣತಿಗಳು ಆರಂಭವಾದಂತೆ, ಹೆಸರು ಬರೆಯಿಸಲು ಊರಿಂದೂರಿಗೆ ನಡೆದ ಬಡ ದಂಪತಿಯ ಕಥೆಯು ಕೇಳುಗರಿಗೆ ತಮ್ಮ ಕಾಲದ್ದೇ ಆಗಿ ತೋರಿರಬೇಕು. ಎರಡನೆಯದು ‘ಛತ್ರ’. ದಾರಿಹೋಕರಿಗೆ ಧರ್ಮಾರ್ಥವಾಗಿ ತೆರೆದಿರುವ ಛತ್ರದಲ್ಲಿಯೇ ಸ್ಥಳವಿಲ್ಲದೆ ಹೋಯಿತೆಂಬುದು ಬಾಡಿಗೆಯ ವಸತಿಗೃಹದಲ್ಲಿ ಕೋಣೆ ಸಿಗಲಿಲ್ಲವೆಂಬುದಕ್ಕಿಂತ ಕಠಿಣವಾದ ಸಂಗತಿ. ಮೂರನೆಯದು ‘ಗೋದಲಿ’. ಗದಗ ಸೀಮೆಯ ಹಳೆಯ ಮನೆಗಳಲ್ಲಿ ದನಕರುಗಳ ಜಾಗವು ಮನೆಯೊಳಗೇ ಇದ್ದು, ‘ಗ್ವಾದ್ಲಿ’ ಎಂಬ ಆಡುಮಾತು ಇಂದಿಗೂ ಬಳಕೆಯಲ್ಲಿದೆ. ಯುರೋಪಿನ ಚಿತ್ರಗಳಲ್ಲಿ ಊರ ಹೊರಗಿನ ಕೊಟ್ಟಿಗೆಯಾಗಿ ಕಾಣುವ ಸ್ಥಳವು ಇಲ್ಲಿ ಮನೆಯ ಹೊಸ್ತಿಲೊಳಗಿನ ಪರಿಚಿತ ಜಾಗವಾಯಿತು.

ನಾಲ್ಕನೆಯದು ‘ಕುರುಬರು’. ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದವರಿಗೆ ಮೊದಲು ಸುದ್ದಿ ಮುಟ್ಟಿತೆಂಬ ಭಾಗವನ್ನು ಗದಗಿನ ಕೇಳುಗನು ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ಪೀಕು ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ನಿಲ್ಲಿಸುವುದು, ಕುರುಬರು ಕಂಬಳಿ ಹೊದ್ದು ಅಲ್ಲಿಯೇ ಮಲಗುವುದು ಈ ಸೀಮೆಯ ವಾಡಿಕೆ. ಐದನೆಯದು ‘ಜೋಯಿಸರು’. ಮೂಡಣ ದೇಶದಿಂದ ನಕ್ಷತ್ರವನ್ನು ಅನುಸರಿಸಿ ಬಂದವರಿಗೆ ಈ ಹೆಸರು ಕೊಟ್ಟುದರಲ್ಲಿ ಒಂದು ಚೋದ್ಯವಿದೆ. ಜೋಯಿಸರನ್ನು ಕೇಳಬಾರದೆಂದು ಬೋಧಿಸುತ್ತಿದ್ದ ಸಭೆಯಲ್ಲಿಯೇ ಜೋಯಿಸರು ಮೊದಲು ಅಡ್ಡಬಿದ್ದ ಕಥೆಯನ್ನು ವರ್ಷಕ್ಕೊಮ್ಮೆ ಓದಲಾಗುತ್ತಿತ್ತು. ಹೀಗೆ ಗಣತಿ, ಛತ್ರ, ಗೋದಲಿ, ಕುರುಬ, ಜೋಯಿಸ ಎಂಬ ಐದು ಪದಗಳ ಮೂಲಕ ಬೆತ್ಲೆಹೇಮು ಯೂದಾಯದ ಊರಾಗಿದ್ದುಕೊಂಡೇ ಧಾರವಾಡ ಜಿಲ್ಲೆಯ ಊರಿನಂತೆಯೂ ಆಯಿತು.

ಹಾಡು ಮತ್ತು ರಾಗ

ಸಂಗೀತದ ವಿಷಯದಲ್ಲಿ ಈ ಒಗ್ಗುವಿಕೆ ಇಷ್ಟು ಸುಲಭವಾಗಿ ನಡೆಯಲಿಲ್ಲ. ಮೋಗ್ಲಿಂಗ್ ಮತ್ತು ವೈಗಲ್ ಜರ್ಮನ್ ಸ್ತೋತ್ರಗೀತೆಗಳನ್ನು ಕನ್ನಡಕ್ಕೆ ತಂದಾಗ ಮೂಲದ ಧಾಟಿಗಳನ್ನೇ ಉಳಿಸಿಕೊಂಡರು. ಜರ್ಮನ್ ಪಾದದ ಒತ್ತಿಗೆ ಕನ್ನಡದ ಮಾತ್ರೆಗಳನ್ನು ಹೊಂದಿಸುವಾಗ ಲಘು ಗುರುಗಳ ಸಹಜ ನಡೆ ಕೆಡುವುದು ಅನಿವಾರ್ಯವಾಗಿತ್ತು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಇದಕ್ಕೆ ಬೇರೆ ಮಾರ್ಗ ಹಿಡಿದನು. 1862ರಲ್ಲಿ ಪ್ರಕಟವಾದ ಅವನ ‘ಕಥಾಮಾಲೆ’ಯು ಕ್ರಿಸ್ತನ ಜೀವನವನ್ನು ಭಾರತೀಯ ಛಂದೋರೂಪಗಳಲ್ಲಿ ನಿರೂಪಿಸಿತು. ಮುಂದೆ ನಾಗವರ್ಮನ ಛಂದಸ್ಸನ್ನು ಸಂಪಾದಿಸಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ವಿದ್ವಾಂಸನ ಆರಂಭದ ಕೃತಿಗಳಲ್ಲಿ ಇದೊಂದು ಎಂಬುದು ಅರ್ಥಪೂರ್ಣ. ಕುಮಾರವ್ಯಾಸನ ಷಟ್ಪದಿಯನ್ನು ಗಮಕಿಗಳ ಬಾಯಿಂದ ಕೇಳಿ ಬೆಳೆದ ಗದುಗಿನ ಜನಕ್ಕೆ ಪುಣ್ಯಕಥೆಯೆಂದರೆ ಹಾಡಿ ಹೇಳುವಂಥದು. ಕಿಟೆಲನು ಗುರುತಿಸಿದುದು ಈ ಸತ್ಯವನ್ನೇ.

ಕಾಲಕ್ರಮದಲ್ಲಿ ಎರಡೂ ಧಾರೆಗಳು ಉಳಿದವು. ದೇವಾಲಯದೊಳಗಿನ ಆರಾಧನೆಯಲ್ಲಿ ಜರ್ಮನ್ ಧಾಟಿಯ ಗೀತಗಳೂ, ಡಿಸೆಂಬರಿನ ರಾತ್ರಿಗಳಲ್ಲಿ ಮನೆಯಿಂದ ಮನೆಗೆ ಹಾಡುತ್ತ ಸಾಗುವ ತಂಡಗಳಲ್ಲಿ ಹಾರ್ಮೋನಿಯಂ, ಡೋಲಕ್, ತಾಳಗಳ ಜೊತೆಗಿನ ಭಜನೆಯ ಧಾಟಿಯೂ ನಿಂತವು. ಹೊರನೋಟಕ್ಕೆ ಈ ರಾತ್ರಿಹಾಡಿನ ತಂಡವು ಉತ್ತರ ಕರ್ನಾಟಕದ ಭಜನಾ ಮೇಳವನ್ನೇ ಹೋಲುತ್ತದೆ.

ಹಬ್ಬದ ಹೊರಚಿಹ್ನೆಗಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ನಾಲ್ಕು ಮೊಂಬತ್ತಿಗಳ ಆಗಮನ ಮಾಲೆಯನ್ನು ಪ್ರಾಚೀನ ಲೂಥರನ್ ಪದ್ಧತಿಯೆಂದು ಭಾವಿಸುವುದುಂಟು. ಅದರ ಮೂಲರೂಪವು 1839ರಲ್ಲಿ ಹ್ಯಾಂಬರ್ಗಿನ ಅನಾಥಾಲಯವೊಂದರಲ್ಲಿ ಯೋಹಾನ್ ಹಿನ್ರಿಕ್ ವಿಕರ್ನ್ ಎಂಬ ಪಾದ್ರಿಯು ಮಕ್ಕಳಿಗಾಗಿ ಮಾಡಿದ ಏರ್ಪಾಡು. ಜರ್ಮನಿಯಲ್ಲಿಯೇ ಅದು ವ್ಯಾಪಕವಾದುದು ಇಪ್ಪತ್ತನೆಯ ಶತಮಾನದಲ್ಲಿ. 1841ರಲ್ಲಿ ಬೆಟಗೇರಿಗೆ ಬಂದ ಮಿಶನರಿಗಳ ಸಾಮಾನಿನಲ್ಲಿ ಅದಿರಲಾರದು. ಅಂದರೆ ಆ ಮಾಲೆಯ ವ್ಯಾಪಕ ಬಳಕೆಗಿಂತ ಬೆಟಗೇರಿಯ ಆಗಮನ ಕಾಲವೇ ಹಳೆಯದು. ಇದಕ್ಕೆ ಹೋಲಿಸಿದರೆ ಬಿದಿರ ಕಡ್ಡಿಗೆ ಬಣ್ಣದ ಕಾಗದ ಹಚ್ಚಿ ಮಾಡುವ ನಕ್ಷತ್ರದ ಬುಟ್ಟಿಯು ಈ ನೆಲದ ಕೈಗೆಲಸಕ್ಕೆ ಹತ್ತಿರವಾದುದು. ದೀಪಾವಳಿಯ ಆಕಾಶಬುಟ್ಟಿಯೊಂದಿಗೆ ಅದರ ನಂಟು ಕಣ್ಣಿಗೆ ಕಾಣುವಂತಿದೆ.

ಸಭೆಯ ಕೈಗೆ ಬಂದ ಹಬ್ಬ

1851–52ರಲ್ಲಿ ಮಿಶನ್ನಿನ ಮುಖ್ಯಸ್ಥ ಯೋಸೆಫ್ ಯೋಸೆನ್‌ಹಾನ್ಸ್ ಭಾರತಕ್ಕೆ ಭೇಟಿಯಿತ್ತ ನಂತರ ಆರಾಧನೆ, ಶಾಲೆ, ಶಿಸ್ತುಗಳಿಗೆಲ್ಲ ಏಕರೂಪದ ವ್ಯವಸ್ಥೆ ಬಂದಿತು. ಆದರೆ ಹಳ್ಳಿಗಳಲ್ಲಿ ಆ ವ್ಯವಸ್ಥೆಯನ್ನು ನಡೆಸಿದವರು ಸ್ಥಳೀಯ ಉಪದೇಶಿಗಳು, ಶಾಲಾ ಶಿಕ್ಷಕರು ಮತ್ತು ಸಭಾಹಿರಿಯರು. ಇದರ ಮಹತ್ವವು ಗೋಚರವಾದುದು ಮೊದಲ ಮಹಾಯುದ್ಧದ ಕಾಲದಲ್ಲಿ. 1914ರಲ್ಲಿ ಯುದ್ಧ ಆರಂಭವಾದೊಡನೆ ಜರ್ಮನ್ ಮಿಶನರಿಗಳು ಶತ್ರುರಾಷ್ಟ್ರದ ಪ್ರಜೆಗಳಾದರು. ಅವರನ್ನು ಬಂಧನದಲ್ಲಿರಿಸಿ ಅನಂತರ ಸ್ವದೇಶಕ್ಕೆ ಕಳುಹಿಸಲಾಯಿತು. ಮಿಶನ್ನಿನ ಉದ್ದಿಮೆಗಳು ಕೈಬದಲಾದವು. ಯುದ್ಧಾನಂತರ ಕೆಲವು ವರ್ಷ ಸ್ವಿಸ್ ಹಿನ್ನೆಲೆಯ ಕೆನರೀಸ್ ಇವ್ಯಾಂಜೆಲಿಕಲ್ ಮಿಶನ್ ಈ ಭಾಗದ ಹೊಣೆ ಹೊತ್ತಿತು. ಹಬ್ಬವು ಮಿಶನರಿಗಳದ್ದೇ ಆಗಿದ್ದರೆ ಅದು ಅವರೊಂದಿಗೆ ಹಡಗು ಹತ್ತಬೇಕಿತ್ತು. ಹಾಗಾಗಲಿಲ್ಲ. ಓದುವವರು, ಹಾಡುವವರು, ಅಡುವವರು, ಕಲಿಸುವವರು ಎಲ್ಲರೂ ಇಲ್ಲಿಯವರೇ ಆಗಿದ್ದುದರಿಂದ ಡಿಸೆಂಬರು ಎಂದಿನಂತೆ ಬಂದಿತು. ಜನರ ಬಾಯಲ್ಲಿ ಬೆಟಗೇರಿಯ ಮಿಶನ್ ದವಾಖಾನೆಯು ‘ಜರ್ಮನ್ ಆಸ್ಪತ್ರೆ’ಯಾಗಿಯೇ ಉಳಿದರೂ ಸಭೆಯು ಜರ್ಮನ್ ಸಭೆಯಾಗಿ ಉಳಿಯಲಿಲ್ಲ.

ಈ ಬದಲಾವಣೆಯ ಬೌದ್ಧಿಕ ಮುಖವನ್ನು ಉತ್ತಂಗಿ ಚನ್ನಪ್ಪನವರಲ್ಲಿ (1881–1962) ಕಾಣಬಹುದು. ಬಾಸೆಲ್ ಮಿಶನ್ನಿನ ಪರಂಪರೆಯಲ್ಲಿಯೇ ಬೆಳೆದು ಬೋಧಕರಾದ ಅವರು ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಕೃತಿಯ ಹೆಸರೇ ಅವರ ನಿಲುವನ್ನು ಸೂಚಿಸುತ್ತದೆ. ಬೆತ್ಲೆಹೇಮು ಬನಾರಸಕ್ಕೆ ಆಜ್ಞೆ ಮಾಡುವುದಿಲ್ಲ, ವಿನಂತಿಸುತ್ತದೆ. ಕಾಲಜ್ಞಾನಿಗಳನ್ನು ಕಂಡು ಗೆಲುವಿನ ಕನಸು ಕಂಡ 1840ರ ದಶಕದ ಮನೋಭಾವಕ್ಕೂ ಈ ಮಾತಿನ ವಿನಯಕ್ಕೂ ನಡುವೆ ಒಂದು ಇಡೀ ಸಭೆಯ ಅನುಭವವಿದೆ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಅಸ್ತಿತ್ವಕ್ಕೆ ಬಂದಿತು. ಈ ಭಾಗದ ಬಾಸೆಲ್ ಮಿಶನ್ ಸಭೆಗಳು ಮುಂದೆ ಆ ಐಕ್ಯದೊಳಗೆ ಸೇರಿ, ಧಾರವಾಡವನ್ನು ಕೇಂದ್ರವಾಗಿ ಉಳ್ಳ ಕರ್ನಾಟಕ ಉತ್ತರ ಸಭಾಪ್ರಾಂತದ ಅಂಗವಾದವು. ಲೂಥರನ್ ಎಂಬ ಹೆಸರು ಸಂಸ್ಥೆಯ ಫಲಕದಲ್ಲಿ ಇಲ್ಲ. ಆಗಮನದ ನಾಲ್ಕು ಭಾನುವಾರಗಳಲ್ಲಿ ಮಾತ್ರ ಅದರ ಗುರುತು ಉಳಿದಿದೆ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಆಗಮನ ಕಾಲವು ಈ ಸೀಮೆಗೆ ಲೂಥರನ್ ಸಭಾವರ್ಷದ ಭಾಗವಾಗಿ ಬಂದಿತು. ಹಿಂಗಾರಿಯ ಬೆಳೆಯ ಕಾಲಕ್ಕೂ ಎಳ್ಳಮಾವಾಸ್ಯೆಯ ನೆರೆಹೊರೆಗೂ ಒಗ್ಗಿಕೊಂಡಿತು. ಭಾಷಾಂತರದ ಬಲದಿಂದ ಕನ್ನಡದ ಕಥೆಯಾಯಿತು. ಯುದ್ಧಕಾಲದ ಪರೀಕ್ಷೆಯಲ್ಲಿ ಸಭೆಯ ಸ್ವಂತ ಆಸ್ತಿಯೆಂದು ಸಿದ್ಧವಾಯಿತು. ಇಲ್ಲಿ ಮಿಶನರಿಗಳ ಯೋಜನೆಗಿಂತ ಉಪದೇಶಿಗಳ, ಹೆಣ್ಣುಮಕ್ಕಳ, ಹಾಡುವವರ ನಿತ್ಯದ ದುಡಿಮೆಯ ಪಾತ್ರ ಹಿರಿದು. ಆದರೆ ಲಭ್ಯವಿರುವ ಬರಹಗಳಲ್ಲಿ ಹೆಚ್ಚಿನವು ಮಿಶನರಿಗಳದ್ದೇ; 1828ರಿಂದ ಪ್ರಕಟವಾಗುತ್ತ ಬಂದ ಮಿಶನ್ನಿನ ಜರ್ಮನ್ ಪತ್ರಿಕೆ, ವಾರ್ಷಿಕ ವರದಿಗಳು ಮತ್ತು ಛಾಯಾಚಿತ್ರಗಳೆಲ್ಲ ಬಾಸೆಲ್ ನಗರದ ದಾಖಲಾಗಾರದಲ್ಲಿ ಸುರಕ್ಷಿತವಾಗಿವೆ. ಸಭೆಗಳ ದೀಕ್ಷಾಸ್ನಾನ, ಮದುವೆ, ಮರಣಗಳ ದಫ್ತರಗಳಿಗೂ ಕೈಬರಹದ ಹಾಡಿನ ವಹಿಗಳಿಗೂ ಹಿರಿಯರ ನೆನಪುಗಳಿಗೂ ಅಂತಹ ರಕ್ಷಣೆ ದೊರೆಯಬೇಕಾಗಿದೆ. 2016ರಲ್ಲಿ ಸ್ಥಾಪನೆಗೊಂಡ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ನಾಗಾವಿಯಲ್ಲಿಯೇ ನೆಲೆಗೊಂಡಿರುವುದರಿಂದ, ಮಲ್ಲಸಮುದ್ರದಂತಹ ಹಳೆಯ ಗ್ರಾಮಪ್ರಯೋಗದ ಅಧ್ಯಯನಕ್ಕೆ ಅದಕ್ಕಿಂತ ಹತ್ತಿರದ ಸ್ಥಳ ಬೇರೊಂದಿಲ್ಲ. ದೊಡ್ಡ ಆಶೆಯಿಂದ ಆರಂಭವಾದುದು ಸಣ್ಣದಾಗಿಯೇ ಉಳಿದರೂ ಉಳಿದುದು ಕಡಿಮೆಯ ಸಂಗತಿಯಲ್ಲ. ಆ ಸಣ್ಣ ಸಭೆಯ ಡಿಸೆಂಬರು ಗದಗಿನ ಇತಿಹಾಸದ ಭಾಗವಾಗಿ ಬರೆಯಲ್ಪಡಬೇಕು.